ಸಾವ್ಕಾರ್ತಿ ಮಲಗಿದ್ದ ಕುರ್ಚಿ

“ನಿಮ್ಮ ಕುರ್ಚಿಗೆ ಹಲ್ಲು ಅದಾವೇನ್ರೀ?” ಎಂದರು ವಿರೂಪಾಕ್ಷಪ್ಪನವರು. ಕೂತಷ್ಟೇ ಬೇಗ ಎದ್ದು ನಿಂತು, ಎರಡೂ ಕೈಯಿಂದ ಧೋತರದ ಹಿಂಬದಿಯನ್ನು ಹಿಡಿದುಕೊಂಡಿದ್ದರು.

“ಹಲ್ಲಲ್ರೀ ಬೀಗರ, ಉಗುರು,” ಎಂದೆ ನಾನು. ಅವರು ಇನ್ನೂ ಬೀಗರಾಗಿರಲಿಲ್ಲ. ಬಾಯಿಗೆ ರೂಢಿಯಾಗಲಿ ಎಂದು ಅವರು ಹೊಸ್ತಿಲು ದಾಟಿದಾಗಿನಿಂದ ಹಾಗೇ ಕರೆಯುತ್ತಿದ್ದೆ.

“ಕುರ್ಚಿಗೆ ಉಗುರು?”

“ಕುರ್ಚಿಗಲ್ರೀ. ಬೆಕ್ಕಿಗೆ. ನೀವು ತಟ್ಟಿ ಕೂಡ್ರಲಿಲ್ಲ.”

ಅವರು ಕುರ್ಚಿಯನ್ನು ನೋಡಿದರು. ನಾನೂ ನೋಡಿದೆ. ಕುರ್ಚಿ ಖಾಲಿಯಿತ್ತು. ಒಳಬಾಗಿಲ ಮರೆಯಲ್ಲಿ ಹೊಸ ಸೀರೆಯುಟ್ಟು ನಿಂತಿದ್ದ ಮಂದಾ ಸೆರಗು ಬಾಯಿಗೆ ಒತ್ತಿಕೊಂಡಳು. ಅಳುವುದಕ್ಕೋ ನಗುವುದಕ್ಕೋ ನನಗೆ ತಿಳಿಯಲಿಲ್ಲ.

ಮಂದಾ ನನ್ನ ಅಕ್ಕನ ಮಗಳು. ಅಕ್ಕ ತೀರಿಕೊಂಡ ಮೇಲೆ ಅವಳನ್ನು ಸಾಕಿದವಳು ನಾನು, ಗಾದಿ ದಿಂಬುಗಳ ಬಟ್ಟೆ ಹೊಲಿದುಕೊಂಡು. ನಮ್ಮೂರಿಗೆ ಬರುವುದು ಒಂದೇ ಬಸ್ಸು. ಅದರ ಕಂಡಕ್ಟರು ರೇವಣ್ಣ. ಕಿಟಕಿ ಪಕ್ಕದ ಸೀಟು ಹಿಡಿದು ಕೊಡುವ ನೆಪದಲ್ಲಿ ಮಾತು ಶುರುವಾಗಿ, ಈಗ ಬಸ್ಸಿನ ಹಾರನ್ನು ಕೇಳಿದರೆ ಈ ಹುಡುಗಿ ಒಲೆಯ ಮೇಲಿನ ರೊಟ್ಟಿಯನ್ನೂ ಮರೆಯುತ್ತಾಳೆ. ರೇವಣ್ಣನಿಗೆ ತಂದೆ ತಾಯಿ ಇಲ್ಲ. ಸೋದರಮಾವ ವಿರೂಪಾಕ್ಷಪ್ಪನವರೇ ಎಲ್ಲ. ಅವರು ಹೂಂ ಎಂದರೆ ಮದುವೆ, ಊಹೂಂ ಎಂದರೆ ಇಲ್ಲ. ಮಧ್ಯಾಹ್ನದ ಬಸ್ಸಿಗೆ ಅವರನ್ನು ಇಳಿಸಿ, “ಮಾವಗ ಕುರ್ಚಿ ತಟ್ಟೂದು ಹೇಳಿಕೊಡ್ರಿ,” ಎಂದು ಅಂಗಳದಿಂದಲೇ ಕೂಗಿ ರೇವಣ್ಣ ಮುಂದಿನ ಊರಿಗೆ ಹೋಗಿದ್ದ. ಹೇಳಿಕೊಡುವಷ್ಟರಲ್ಲಿ ಅವರು ಕೂತುಬಿಟ್ಟರು.

ನಮ್ಮೂರಲ್ಲಿ ಬೆಕ್ಕು ಕಣ್ಣು ಮುಚ್ಚಿದರೆ ಕಾಣುವುದಿಲ್ಲ, ತೆರೆದರೆ ಕಾಣುತ್ತದೆ. ಹುಟ್ಟಿದಾಗಿನಿಂದ ನೋಡುತ್ತ ಬಂದ ನಮಗೆ ಅದರಲ್ಲಿ ಹೇಳಿಕೊಳ್ಳುವಂಥದ್ದೇನೂ ಇಲ್ಲ. ಕೂರುವ ಮೊದಲು ಕುರ್ಚಿಯನ್ನೋ ಕಟ್ಟೆಯನ್ನೋ ಅಂಗೈಯಿಂದ ಮೆಲ್ಲಗೆ ತಟ್ಟುತ್ತೇವೆ, ಹಾಸಿಗೆಗೆ ಬೀಳುವ ಮೊದಲು ಸವರುತ್ತೇವೆ. ಟೂರಿಂಗ್ ಟಾಕೀಸು ಬಂದಾಗ ಮೊದಲ ಗಂಟೆ ಬಾರಿಸಿದ ಕೂಡಲೇ ಎಲ್ಲರೂ ಬೆಂಚು ತಟ್ಟುವ ಸದ್ದಿಗೆ ಟಾಕೀಸಿನವರು ಮಳೆ ಬಂತೆಂದು ಹೊರಗೆ ಓಡಿ ನೋಡಿದ್ದುಂಟು. ನಡೆಯುವಾಗಲೂ ಕಾಲನ್ನು ಎತ್ತಿ ಇಡುವುದು ಕಡಿಮೆ, ಎಳೆದುಕೊಂಡೇ ಹೋಗುತ್ತೇವೆ; ಅದಕ್ಕೇ ನಮ್ಮೂರವರ ಚಪ್ಪಲಿ ಮುಂಗಾಲಲ್ಲಿ ಸವೆದಿರುತ್ತದೆ. ಮುಚ್ಚಳವಿಲ್ಲದ ಪಾತ್ರೆಯಲ್ಲಿ ಹಾಲು ಕಡಿಮೆಯಾದರೆ ಯಾವ ಅತ್ತೆಯೂ ಸೊಸೆಯನ್ನು ಕೇಳುವ ಹಾಗಿಲ್ಲ. ಹೀಗಾಗಿ ನಮ್ಮೂರ ಸೊಸೆಯಂದಿರು ಚೆನ್ನಾಗಿ ಹಾಲು ಕುಡಿದುಕೊಂಡು ಗಟ್ಟಿಮುಟ್ಟಾಗಿದ್ದಾರೆ.

ಹೊರಗಿನ ಊರುಗಳಲ್ಲಿ ಬೆಕ್ಕು ಮಲಗಿದಾಗಲೂ ಕಾಣುತ್ತದೆಂದು ಮೊದಲ ಸಲ ಕೇಳಿದಾಗ ನನಗೆ ನಂಬಿಕೆ ಬರಲಿಲ್ಲ. ನಮ್ಮ ಅಜ್ಜಿ ಒಮ್ಮೆ ನೆಂಟರ ಮದುವೆಗೆ ಹೋದಾಗ ಜಗುಲಿಯ ಮೇಲೆ ಬೆಕ್ಕೊಂದು ನಾಲ್ಕೂ ಕಾಲು ಚಾಚಿ ಎಲ್ಲರೆದುರು ನಿದ್ದೆ ಮಾಡುತ್ತಿದ್ದುದನ್ನು ಕಂಡು ನಾಚಿಕೆಯಾಗಿ, ತನ್ನ ಶಾಲು ಹೊದಿಸಿ ಬಂದಿದ್ದಳಂತೆ. ಆ ಊರಿನ ಬೆಕ್ಕುಗಳಿಗೆ ಏನೋ ರೋಗ, ಪಾಪ, ಎಂದೇ ಆಕೆ ಕೊನೆತನಕ ತಿಳಿದಿದ್ದಳು.

“ಬೆಕ್ಕು ಎಲ್ಲೈತಿ?” ಎಂದರು ವಿರೂಪಾಕ್ಷಪ್ಪನವರು.

“ಅಲ್ಲೇ ಮಲಗೇತಲ್ರೀ. ಎಚ್ಚರ ಸುದ್ದಾ ಆಗಿಲ್ಲ ಅದಕ್ಕ. ಒಂದು ಪಂಜಾ ಎತ್ತಿ ಚೂರು ಪರಚಿ ಮಗ್ಗಲು ಬದಲಿಸೇತಿ. ಕೈಯಿಟ್ಟು ನೋಡ್ರಿ ಬೇಕಾದ್ರ.”

“ಒಂದು ಸಲ ಇಟ್ಟಿದ್ದು ಸಾಕಾಗೇತಿ,” ಎಂದು ಅವರು ದೂರ ಸರಿದು ಗೋಡೆಗೆ ಒರಗಿ ನಿಂತರು. “ಚಂಪಕ್ಕಾರ, ನಾನು ಇಡೀ ನೌಕರಿ ದನದ ದವಾಖಾನಿಯೊಳಗ ಕಂಪೌಂಡರ್ ಆಗಿ ಮಾಡಿದಾಂವ. ನಾ ನೋಡದ ಬೆಕ್ಕಿಲ್ಲ. ಕಾಣಲಾರದ ಬೆಕ್ಕು ನಾ ಕೇಳಿಲ್ಲ. ಇದು ಗಾಳಿ ಸೋಂಕಿದ ಮನಿ. ನಮ್ಮ ಹುಡುಗನ್ನ ಇಂಥಲ್ಲಿಗೆ ಹೆಂಗ ಕೊಡ್ಲಿ, ನೀವ ಹೇಳ್ರಿ.”

ಬಾಗಿಲ ಮರೆಯಲ್ಲಿ ಬಳೆಯ ಸದ್ದು ನಿಂತಿತು.

ಆದರೆ ಬಸ್ಸು ತಿರುಗಿ ಬರುವುದು ಸಂಜೆಗೆ. ಅಲ್ಲಿಯತನಕ ಅವರು ಗೋಡೆ ಹಿಡಿದೇ ನಿಲ್ಲಲಾರರು. ನಾನು ಚಾಪೆ ಹಾಸಿ, ಅವರೆದುರಿಗೇ ಅದರ ಮೂಲೆ ಮೂಲೆ ತಟ್ಟಿ ತೋರಿಸಿ ಕೂರಿಸಿದೆ. ಚಹಾ ಕೊಟ್ಟೆ. ಚಹಾ ಇಳಿದಂತೆ ಮನುಷ್ಯ ಮೆತ್ತಗಾದರು, ಪ್ರಾಣಿಗಳ ಮಾತು ಶುರುವಾಯಿತು. ನನ್ನದೂ ಮಾತೆಂದರೆ ಬೇಡವೆನ್ನುವ ಬಾಯಿಯಲ್ಲ.

“ಹಾವು ಹಾಲು ಕುಡೀತೈತಿ, ಆದ್ರ ಎಮ್ಮಿ ಹಾಲು ಒಲ್ಲದು. ಆಕಳದ್ದ ಬೇಕು ಅದಕ್ಕ,” ಎಂದರು.

“ಹೌದೇನ್ರೀ?”

“ಹೂಂ ಮತ್ತ. ಕಾಗಿಗೆ ಎರಡು ಕಣ್ಣಿನ ತೂತು ಅದಾವು ಖರೆ, ಗುಡ್ಡಿ ಮಾತ್ರ ಒಂದ. ಈ ಕಡೆಯಿಂದ ಆ ಕಡೆ ಉರುಳಿಸ್ಕೋತೈತಿ. ಅದಕ್ಕ ತಲಿ ಹಿಂಗ ಹಿಂಗ ಮಾಡ್ತೈತಿ ನೋಡ್ರಿ.” ಅವರೂ ತಲೆ ಹಿಂಗ ಹಿಂಗ ಮಾಡಿ ತೋರಿಸಿದರು. “ಹಾವುರಾಣಿಗೆ ನಾಗರಹಾವಿಗಿಂತ ವಿಷ ಜಾಸ್ತಿ. ಆದ್ರ ಕಚ್ಚಾಕ ಬಂದದ್ದು ಹತ್ತಿರ ಬರೂದ್ರೊಳಗ ಮರೆತುಬಿಡ್ತೈತಿ. ಎಮ್ಮಿ ಮಳಿಯೊಳಗ ಯಾಕ ಓಡಂಗಿಲ್ಲ ಗೊತ್ತೇನು? ತಾನು ತೊಯ್ದೇನಿ ಅನ್ನೂದು ಅದಕ್ಕ ಮಳಿ ನಿಂತಮ್ಯಾಲೆ ತಿಳೀತೈತಿ.”

“ಇದೆಲ್ಲಾ ದವಾಖಾನಿಯೊಳಗ ಕಲಿತ್ರೇನ್ರೀ?”

“ಡಾಕ್ಟರಿಗೇ ನಾನು ಹೇಳಿಕೊಟ್ಟೇನಿ. ಕೇಳತಿದ್ದಿಲ್ಲ ಆತ.”

ಇಷ್ಟೆಲ್ಲ ನಂಬುವ ಮನುಷ್ಯನಿಗೆ ನಮ್ಮ ಬೆಕ್ಕು ಒಂದು ಯಾಕೆ ಭಾರವಾಯಿತೋ ಎಂದು ನಾನು ಯೋಚಿಸುತ್ತಿರುವಾಗಲೇ ಕುರ್ಚಿಯ ಮೇಲೆ ಸಾವ್ಕಾರ್ತಿ ಕಣ್ಣು ಬಿಟ್ಟಳು. ಆ ಬೆಕ್ಕಿಗೆ ನಮ್ಮ ಓಣಿಯವರು ಇಟ್ಟ ಹೆಸರು ಅದು. ಯಾರ ಮನೆಯದೂ ಅಲ್ಲ, ಎಲ್ಲರ ಮನೆಯೂ ತನ್ನದೇ ಎಂಬಂತೆ ಓಡಾಡುವ ಬಿಳಿ ಬೆಕ್ಕು. ಕೊರಳ ಸುತ್ತ ಮಾತ್ರ ಕರಿ ಪಟ್ಟಿ, ಕೊಂಕು ನೋಟ.

“ಅಗೋ, ಬಂತು ನೋಡ್ರಿ ಕಿಡಕ್ಯಾಗಿಂದ,” ಎಂದರು ವಿರೂಪಾಕ್ಷಪ್ಪನವರು.

“ಕಿಡಕಿ ಮುಚ್ಚೇತ್ರಿ.”

ಅವರು ಕಿಟಕಿ ನೋಡಿದರು. ಮುಚ್ಚಿತ್ತು. ಮತ್ತೆ ಬೆಕ್ಕನ್ನು ನೋಡಿದರು. ಚಾಪೆಯ ಮೇಲೆ ಮುಂದಕ್ಕೆ ಜರುಗಿ, ಮೊಣಕಾಲಿಗೆ ಕೈಯೂರಿ, “ಸರಿ, ನಾ ಇದರ ಮ್ಯಾಲಿನ ಕಣ್ಣು ತೆಗಿಯಂಗಿಲ್ಲ. ಹೆಂಗ ಮಾಯ ಆಗ್ತೈತಿ ನೋಡಿಯೇ ಬಿಡ್ತೇನಿ,” ಎಂದು ದಿಟ್ಟಿಸತೊಡಗಿದರು. ಸಾವ್ಕಾರ್ತಿಯೂ ಅವರನ್ನು ದಿಟ್ಟಿಸಿದಳು. ದಿಟ್ಟಿಸುವವರ ಎದುರಿಗೆ ಬೆಕ್ಕು ಕಣ್ಣು ಮುಚ್ಚುವುದಿಲ್ಲವೆಂದು ನಮ್ಮೂರ ಕೂಸಿಗೂ ಗೊತ್ತು. ಅವರ ಕಣ್ಣಲ್ಲಿ ನೀರಾಡಿತು. ಕೊನೆಗೆ ಸಾವ್ಕಾರ್ತಿಗೇ ಬೇಸರವಾಗಿ ಸಾವಕಾಶ ಒಮ್ಮೆ ಕಣ್ಣು ಮಿಟುಕಿಸಿದಳು. ಬೆಕ್ಕು ಆರಿ, ಹೊತ್ತಿತು.

ವಿರೂಪಾಕ್ಷಪ್ಪನವರು ಕನ್ನಡಕ ತೆಗೆದು ಧೋತರದಲ್ಲಿ ಒರೆಸಿ ಹಾಕಿಕೊಂಡರು. ಸಾವ್ಕಾರ್ತಿ ಮತ್ತೊಮ್ಮೆ ಮಿಟುಕಿಸಿದಳು. ಮತ್ತೆ ಆರಿ, ಹೊತ್ತಿತು. ಆಮೇಲೆ ಅವಳು ಆಕಳಿಸಿದಳು. ಆಕಳಿಸುವಾಗ ಬೆಕ್ಕಿನ ಕಣ್ಣು ಹೇಗೆ ಮುಚ್ಚುತ್ತದೋ ನಿಮಗೆ ಗೊತ್ತೇ ಇದೆ. ಕುರ್ಚಿ ಕೆಲ ಹೊತ್ತು ಖಾಲಿಯಾಗಿಯೇ ಇತ್ತು.

“ನೋಡಿದ್ರಲ್ಲಾ?” ಎಂದೆ ನಾನು, ಗೆದ್ದವಳ ಹಾಗೆ.

ಅವರು ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿ ಗೋಡೆಯ ಕ್ಯಾಲೆಂಡರ್ ಓದಿದರು. ಇನ್ನೊಂದನ್ನು ಮುಚ್ಚಿ ಅದನ್ನೇ ಓದಿದರು. ಮುಖ ಬಾಡಿತು.

“ಅಕ್ಷರ ಕಾಣ್ತಾವ,” ಎಂದರು ಮೆಲ್ಲಗೆ. “ಗೋಡಿ ಕಾಣ್ತೈತಿ, ನೀವು ಕಾಣ್ತೀರಿ. ಬೆಕ್ಕು ಮಾತ್ರ ನಡುನಡುವ ಹೋಗಿ ಬರ್ತೈತಿ. ನಮ್ಮಪ್ಪಗೂ ಹಿಂಗ ಸುರು ಆಗಿತ್ತು ಚಂಪಕ್ಕಾರ. ಮದಲು ಸಣ್ಣ ಸಣ್ಣ ಪ್ರಾಣಿ ಕಾಣಲಿಲ್ಲ. ಕೋಳಿ ಪಿಳ್ಳಿ ತುಳೀತಿದ್ದ. ಆಮ್ಯಾಲೆ ಆಡು. ಆಮ್ಯಾಲೆ ನಾವು. ಕಡೀಕ ನಾನ ಕೈ ಹಿಡಿದು ಅಡ್ಯಾಡಿಸ್ತಿದ್ದೆ.”

“ಅಯ್ಯ, ನಿಮ್ಮ ಕಣ್ಣಿಗೇನಾಗೇತಿ, ಅದು ಬೆಕ್ಕಿನ—”

“ಸಮಾಧಾನ ಮಾಡಬ್ಯಾಡ್ರಿ. ಬ್ಯಾನಿ ಯಾವುದು ಅಂತ ನನಗ ಗೊತ್ತಾಗ್ತೈತಿ. ಎತ್ತಿಗೆ ಬರ್ತೈತಿ ಇದು.” ಕನ್ನಡಕ ಮೂಗಿಗೇರಿಸಿಕೊಂಡು, “ಮದುವಿ ಲಗೂನ ಮಾಡ್ರಿ. ಈ ತಿಂಗಳೊಳಗ ಮಾಡ್ರಿ. ರೇವಣ್ಣನ ತಲಿಮ್ಯಾಲೆ ಅಕ್ಕಿಕಾಳು ಬೀಳೂದು ನಾ ಕಣ್ತುಂಬ ನೋಡಬೇಕು, ಕಣ್ಣು ಇರೂದ್ರೊಳಗ. ಹುಡುಗಿ ಒಳ್ಳೇಕಿ. ಕುರ್ಚಿಂದು ಏನಾರ ಇರಲಿ ಬಿಡ್ರಿ,” ಎಂದರು.

ನಾನು ಬಾಯಿ ಸಿಹಿಗೆ ಸಿರಾ ತರುತ್ತೇನೆಂದು ಎದ್ದು ಒಳಗೆ ಬಂದೆ. ಒಲೆಯ ಮುಂದೆ ನಿಂತು ಎರಡೂ ಕೈ ಜೋಡಿಸಿ ಮೇಲೆ ನೋಡಿದೆ. ನಮ್ಮ ಮನೆ ಮದುವೆ ಆದ ಹಾಗೆಯೇ. ನಾನು ಸುಳ್ಳು ಹೇಳಿರಲಿಲ್ಲ. ಖರೆ ಹೇಳಿದರೆ ಅವರು ನಂಬಿರಲಿಲ್ಲ. ಇನ್ನೇನು ಬೇಕು?

ಹಿಂದೆಯೇ ಬಂದ ಮಂದಾ, ನಾನು ಸಿರಾದ ತಟ್ಟೆ ಎತ್ತಿಕೊಂಡಾಗ ಅಡ್ಡ ನಿಂತಳು. “ಚಿಗವ್ವ, ಅವರು ಅಳಾಕತ್ಯಾರ.”

“ಹಿರ್ಯಾರು. ಸಂತೋಷಕ್ಕ ಒಂದೆರಡು ಹನಿ ಬರ್ತಾವ.”

“ಸಂತೋಷ ಅಲ್ಲದು. ಕುಡ್ಡ ಆಗ್ತೇನಿ ಅಂತ ತಿಳ್ಕೊಂಡು ಕುಂತಾರ.”

“ಮದುವಿ ಆಗ್ಲಿ. ಆಮ್ಯಾಲೆ ಕಣ್ಣಿನ ಡಾಕ್ಟರ್ ಕಡೆ ಹೋದ್ರ ಏನೂ ಆಗಿಲ್ಲ ಅಂತ ಆತನ ಹೇಳ್ತಾನ. ಆವಾಗ ಎರಡು ಸಂತೋಷ.”

“ಒಂದು ತಿಂಗಳು ಆ ಮನಷ್ಯಾ ದಿನಾ ಮುಂಜಾನೆ ಎದ್ದು ಕೋಳಿ ಕಾಣ್ತೈತೋ ಇಲ್ಲೋ ಅಂತ ನೋಡ್ಕೋತಾ ಕೂಡ್ರಬೇಕೇನು? ಅಂಥಾ ಮದುವಿ ನನಗ ಬ್ಯಾಡ.”

“ಬಾಯಿ ಮುಚ್ಚು. ಖರೆ ಗೊತ್ತಾತಂದ್ರ ಗಾಳಿ ಮನಿ ಅಂತ ಎದ್ದು ಹೋಗ್ತಾರ. ಆಮ್ಯಾಲೆ ನೀನು ಹಾರನ್ ಕೇಳ್ಕೋತ ಕೂಡ್ರಾಕಿ.”

“ಕೂಡ್ರತೇನಿ,” ಎಂದಳು ಮಂದಾ. ಕಣ್ಣು ಕೆಂಪಾಗಿತ್ತು, ದನಿ ಮಾತ್ರ ನಡುಗಲಿಲ್ಲ. ನಮ್ಮ ಅಕ್ಕನೂ ಹೀಗೇ ಇದ್ದಳು. ಇವರ ಜೊತೆ ವಾದ ಮಾಡುವುದಕ್ಕಿಂತ ಗಾದಿಯ ದಪ್ಪ ಬಟ್ಟೆಗೆ ಮೊಂಡು ಸೂಜಿ ಚುಚ್ಚುವುದು ಸುಲಭ.

ಅಷ್ಟರಲ್ಲಿ ಹಿತ್ತಲ ಬಾಗಿಲಿನಿಂದ “ಚಂಪಕ್ಕಾ” ಎಂದು ಪಿಂಜಾರ ಖಾಸೀಮಣ್ಣ ಕರೆದ. ಪಕ್ಕದ ಮನೆಯವನು; ಅವನು ಹತ್ತಿ ಹಿಂಜಿ ಗಾದಿ ತುಂಬುತ್ತಾನೆ, ನಾನು ಅದರ ಬಟ್ಟೆ ಹೊಲಿಯುತ್ತೇನೆ. ಮದುವೆ ಗೊತ್ತಾದರೆ ಮಂದಾಳಿಗೆ ಗಾದಿ ಬೇಕಾಗುತ್ತದೆಂದು ಹತ್ತಿ ತರಿಸಿಟ್ಟಿದ್ದ. ತಲೆ, ಮೀಸೆ, ರೆಪ್ಪೆಗಳಿಗೆಲ್ಲ ಯಾವಾಗಲೂ ಹತ್ತಿಯ ಎಳೆ ಅಂಟಿಕೊಂಡಿರುವ ಮನುಷ್ಯ.

“ನಿನ್ನ ಗಾದಿ ಈಗ ಆಗಂಗಿಲ್ಲವ್ವಾ. ಸಾವ್ಕಾರ್ತಿ ನನ್ನ ಹತ್ತಿಯೊಳಗ ಮರಿ ತಂದು ಇಟ್ಟಾಳ. ಇವತ್ತು ಬಿಲ್ಲು ಕಟ್ಟಿ ಹಿಂಜಾಕ ಕೂತೆ, ಒಳಗಿಂದ ಮಿಂಯ್ ಅಂತು. ಬಿಲ್ಲು ಮೀಟಿದ್ರ ಏನಾಗತಿತ್ತು?”

ಇದು ನಮ್ಮೂರಲ್ಲಿ ದೊಡ್ಡ ತಾಪತ್ರಯ. ಬೆಕ್ಕಿನ ಮರಿ ಹುಟ್ಟುವುದೇ ಕಣ್ಣು ಮುಚ್ಚಿಕೊಂಡು. ಆದ್ದರಿಂದ ಎಷ್ಟು ಹುಟ್ಟಿವೆ, ಯಾವ ಬಣ್ಣ, ಎಲ್ಲಿವೆ, ಯಾರಿಗೂ ಕಾಣುವುದಿಲ್ಲ. ಮನುಷ್ಯರ ಕೈ ಸೋಕಿದರೆ ತಾಯಿ ಮರಿಯನ್ನು ಬಿಟ್ಟು ಹೋಗುತ್ತದೆಂದು ಯಾರೂ ತಡವಿ ನೋಡುವುದೂ ಇಲ್ಲ. ತಾಯಿಯೇ ಕಚ್ಚಿಕೊಂಡು ಏಳು ಮನೆ ತಿರುಗಿಸಿದ ಮೇಲೆ ಮರಿ ಕಣ್ಣು ಬಿಡುತ್ತದೆ. ಅಲ್ಲಿಯತನಕ ಮರಿ ಇದ್ದ ಮನೆಯವರು ಕಾಲು ಎಳೆದುಕೊಂಡು, ಮಾತು ತಗ್ಗಿಸಿಕೊಂಡು ಕಾಯುತ್ತಾರೆ. ಹಿಂದೊಮ್ಮೆ ಕಣಜದಲ್ಲಿ ಮರಿ ಹಾಕಿದ್ದಕ್ಕೆ ಒಂದು ಮನೆಯವರು ಜೋಳ ತೆಗೆಯಲಾಗದೆ ನೆಂಟರ ಮನೆಗೆ ಉಣ್ಣಲು ಹೋಗಿದ್ದರು.

“ನಿನ್ನದು ಎಷ್ಟನೇ ಮನಿ?” ಎಂದು ನಾನು ಕೇಳುವಷ್ಟರಲ್ಲಿ ಮಂದಾ ನನ್ನ ಮುಂದೆ ಇರಲಿಲ್ಲ. ಪಡಸಾಲೆಯಲ್ಲಿ ವಿರೂಪಾಕ್ಷಪ್ಪನವರ ಕೈ ಹಿಡಿದು ಎಬ್ಬಿಸುತ್ತಿದ್ದಳು.

“ಮಾವಾರ, ಬರ್ರಿ. ನಿಮಗೊಂದು ತೋರಸಬೇಕು.”

“ನನಗೇನು ತೋರಿಸ್ತೀ ತಂಗಿ, ನನ್ನ ಕಣ್ಣು—”

“ಕಣ್ಣಿನ ಕೆಲಸ ಅಲ್ಲರಿ. ಕೈ ಕೊಡ್ರಿ ಸಾಕು.”

ಅವರು ಅವಳ ಕೈ ಹಿಡಿದು ನಡೆದರು, ಈಗಾಗಲೇ ಪೂರ್ತಿ ಕುರುಡಾದವರ ಹಾಗೆ, ಕಾಲನ್ನು ಎಳೆಯುತ್ತ. ಹೊರಗಿನವರೊಬ್ಬರು ನಮ್ಮೂರ ನಡಿಗೆಯನ್ನು ಅಷ್ಟು ಚೆನ್ನಾಗಿ ನಡೆದದ್ದನ್ನು ನಾನು ಅದೇ ಮೊದಲು ಕಂಡದ್ದು. ನಾನು ಸಿರಾದ ತಟ್ಟೆ ಹಿಡಿದುಕೊಂಡೇ ಹಿಂದೆ ಓಡಿದೆ.

ಖಾಸೀಮಣ್ಣನ ಕೋಣೆಯಲ್ಲಿ ಹತ್ತಿ ಸೊಂಟದುದ್ದ ರಾಶಿಯಾಗಿತ್ತು. ಗೋಡೆಗೆ ಬಿಲ್ಲು ಒರಗಿಸಿತ್ತು. ಮಂದಾ ವಿರೂಪಾಕ್ಷಪ್ಪನವರನ್ನು ರಾಶಿಯ ಬದಿಗೆ ಕೂರಿಸಿ, ಅವರ ಕೈಯನ್ನು ಹತ್ತಿಯೊಳಕ್ಕೆ ಇಳಿಸಲು ಹೋದಳು.

“ಏ ಹುಡುಗಿ,” ಎಂದು ಖಾಸೀಮಣ್ಣ ಅಡ್ಡ ಬಂದ. “ಕೈ ಹಚ್ಚಬ್ಯಾಡ. ತಾಯಿ ಬಿಟ್ಟು ಹೋದ್ರ ನಾನೇನು ಹಾಲು ಕುಡಿಸ್ಲೇನು ಅವಕ್ಕ?”

ಅಷ್ಟು ಹೊತ್ತು ತಲೆ ತಗ್ಗಿಸಿದ್ದ ವಿರೂಪಾಕ್ಷಪ್ಪನವರು ತಲೆಯೆತ್ತಿದರು. “ಯಾರು ಹೇಳಿದ್ರು ನಿಮಗ?”

“ಯಾರು ಹೇಳಬೇಕ್ರೀ ಸಾಹೇಬ್ರ? ಊರಿಗೇ ಗೊತ್ತೈತಿ.”

“ಊರಿಗೆ ಗೊತ್ತಿದ್ದದ್ದು ಸುಳ್ಳು. ಚರಂಡಿಯೊಳಗ ಬಿದ್ದ ಮರಿ ಎಷ್ಟು ಎತ್ತಿ ಒರಸಿ ಕೊಟ್ಟೇನಿ ಈ ಕೈಯಿಂದ. ತಾಯಿ ಮೂಸಿ ನೋಡ್ತೈತಿ, ನಮ್ಮ ಕಡೆ ಒಮ್ಮೆ ಸಿಟ್ಟಿಲೆ ನೋಡ್ತೈತಿ, ನೆಕ್ಕಿ ತನ್ನ ಹತ್ತರ ಎಳಕೋತೈತಿ. ಒಂದೂ ಬಿಟ್ಟು ಹೋಗಿಲ್ಲ. ಇದು ಕಾಗಿ ಗುಡ್ಡಿಯಂಗ ಕೇಳಿದ್ದಲ್ಲ, ನಾ ಮಾಡಿದ್ದು.” ಆಮೇಲೆ ಹತ್ತಿಯ ರಾಶಿಯ ಕಡೆ ತಿರುಗಿದರು. “ಮರಿ ಅದಾವೇನು ಇದರಾಗ?”

“ಅದಾವ್ರೀ. ನಮಗ್ಯಾರಿಗೂ ಕಾಣೂದಿಲ್ಲ,” ಎಂದಳು ಮಂದಾ. “ಚಿಗವ್ವಗೂ ಕಾಣೂದಿಲ್ಲ. ಕಾಕಾಗೂ ಕಾಣೂದಿಲ್ಲ. ನಮ್ಮೆಲ್ಲಾರ ಕಣ್ಣು ಒಮ್ಮೆಲೇ ಹೋಗಿಲ್ಲಲ್ರೀ.”

ಅವರು ಅವಳ ಮುಖ ನೋಡಿದರು. ಕೈಗಳನ್ನು ಉಜ್ಜಿ ಬಿಸಿಮಾಡಿಕೊಂಡು ಹತ್ತಿಯೊಳಕ್ಕೆ ಇಳಿಸಿದರು. ಮೊಣಕೈ ಮುಳುಗುವ ತನಕ ನಿಧಾನ ಸರಿಸುತ್ತ ಹೋದರು. ಒಂದು ಕಡೆ ನಿಂತರು. ಅವರ ಎರಡು ಅಂಗೈಗಳು ಬೊಗಸೆಯಾಗಿ ಮೇಲೆ ಬಂದವು. ಬೊಗಸೆಯಲ್ಲಿ ನಾಲ್ಕೆಳೆ ಹತ್ತಿ ಬಿಟ್ಟರೆ ಏನೂ ಇರಲಿಲ್ಲ. ಆ ನಾಲ್ಕೆಳೆ ಮೇಲೆ ಕೆಳಗೆ, ಮೇಲೆ ಕೆಳಗೆ ಉಸಿರಾಡುತ್ತಿದ್ದವು. ಆಮೇಲೆ ಮಿಂಯ್ ಎಂದವು.

“ಬಿಸಿ ಐತಿ,” ಎಂದರು ವಿರೂಪಾಕ್ಷಪ್ಪನವರು. ಕನ್ನಡಕದೊಳಗಿಂದ, ಕನ್ನಡಕದ ಮೇಲಿಂದ, ಕೊನೆಗೆ ಕನ್ನಡಕ ಮೂಗಿನ ತುದಿಗೆ ಜಾರಿಸಿ ನೋಡಿದರು. “ಹೊಟ್ಟಿ ತುಂಬೇತಿ. ಇಲ್ಲಿ ಬಾಲ. ಚೆನ್ನಾಗೈತಿ ಮರಿ.” ಮಂದಾಳ ಕಡೆ ತಿರುಗಿದರು. “ಅಂದ್ರ ನನ್ನ ಕಣ್ಣಿಗೆ…”

“ಏನೂ ಆಗಿಲ್ಲರಿ,” ಎಂದಳು ಮಂದಾ.

ಮರಿಯನ್ನು ಕೆಳಗಿಡದೆ ತೋಳಿನಿಂದ ಕಣ್ಣೊರೆಸಿಕೊಂಡರು. ಖಾಸೀಮಣ್ಣ ಬುಟ್ಟಿ ತಂದ. ಅವರು ಒಂದೊಂದೇ ಮರಿಯನ್ನು ಹುಡುಕಿ ತೆಗೆದು, ಬಾಲದ ಬುಡ ಮುಟ್ಟಿ ಗಂಡು ಹೆಣ್ಣು ಹೇಳಿ, ಬುಟ್ಟಿಗೆ ಇಳಿಸುತ್ತ ಹೋದರು. ಖಾಲಿ ಬುಟ್ಟಿ ತೂಕವಾಗಿ ಸ್ವಲ್ಪ ಸ್ವಲ್ಪ ಅಲುಗಾಡತೊಡಗಿತು. ನಡುವೆ ಸಾವ್ಕಾರ್ತಿ ಬಂದಳು. ಮೂಸಿದಳು. ವಿರೂಪಾಕ್ಷಪ್ಪನವರ ಕಡೆ ಒಮ್ಮೆ ಸಿಟ್ಟಿನಿಂದ ನೋಡಿದಳು. ಬುಟ್ಟಿಯೊಳಗೆ ಹೋಗಿ ಮಲಗಿ ಮಾಯವಾದಳು. ನೆಕ್ಕುವ ಸದ್ದು ಮಾತ್ರ ಕೇಳುತ್ತಿತ್ತು.

“ಬಿಟ್ಟು ಹೋಗಲಿಲ್ಲ,” ಎಂದ ಖಾಸೀಮಣ್ಣ, ಮೋಸ ಹೋದವನ ಹಾಗೆ. “ಹಂಗಾದ್ರ ಇಷ್ಟು ವರ್ಷ ನಾವು ಯಾಕ ಕಾಯ್ತಿದ್ವಿ?”

ನನಗೆ ನನ್ನ ಚಿಂತೆ. ಕಣ್ಣು ಸರಿಯಿದೆಯೆಂದ ಮೇಲೆ ತಿಂಗಳೊಳಗಿನ ಮದುವೆಯ ಮಾತು ಏನಾಯಿತು? ಗಾಳಿ ಸೋಂಕಿದ ಮನೆ ಎಂದದ್ದು ಏನಾಯಿತು? ಸಿರಾ ಆರಿ ಗಟ್ಟಿಯಾಗಿತ್ತು. ಅಷ್ಟರಲ್ಲಿ ದೂರದಲ್ಲಿ ಹಾರನ್ನು ಕೇಳಿಸಿತು. ಮಂದಾ ಮೊದಲ ಸಲ ಬಾಗಿಲ ಕಡೆ ತಿರುಗಿ ನೋಡಲಿಲ್ಲ.

“ಮಾವಾರ, ಬಸ್ಸು ಬಂತ್ರೀ,” ಎಂದಳು.

ವಿರೂಪಾಕ್ಷಪ್ಪನವರ ಅಂಗೈಯಲ್ಲಿ ಕೊನೆಯ ಮರಿ ಇತ್ತು. “ಇವು ಕಣ್ಣು ಯಾವಾಗ ಬಿಡ್ತಾವ?” ಎಂದು ಖಾಸೀಮಣ್ಣನನ್ನು ಕೇಳಿದರು.

“ಇವತ್ತೋ ನಾಳೆಯೋ. ನಂದು ಏಳನೇ ಮನಿ.”

“ಏಳು ಮನಿ ಅನ್ನೂದೆಲ್ಲಾ ಸುಳ್ಳು,” ಎಂದರು ಅವರು. ಆದರೆ ಏಳಲಿಲ್ಲ.

“ಬಸ್ಸು ನಿಲ್ಲಂಗಿಲ್ರೀ,” ಎಂದೆ ನಾನು, ತಡೆಯಲಾರದೆ. “ನಿಮ್ಮ ಮನಸಿನಾಗ ಏನೈತಿ ಹೇಳಿ ಹೋಗ್ರಿ. ನಮ್ಮದು ಹಿಂಗ ಇರೂ ಮನಿ. ಕುರ್ಚಿ ನಾಳೆನೂ ಪರಚತೈತಿ.”

“ಹುಡುಗಿ ಸುಮ್ಮನಿದ್ದಿದ್ರ ಮದುವಿ ಆಗಿಹೋಗತಿತ್ತು,” ಎಂದರು ಅವರು, ನನ್ನ ಕಡೆ ನೋಡದೆ. “ಅಕಿಗೆ ಅದು ಗೊತ್ತಿತ್ತು. ಹೌದಿಲ್ಲೋ?”

ನಾನು ತಟ್ಟೆ ನೋಡಿದೆ.

“ರೇವಣ್ಣಗ ಹೇಳಿ ಕಳಿಸ್ರಿ, ಮಾವ ಇವತ್ತು ಬರಂಗಿಲ್ಲ, ನಾಳೆ ಬರ್ತಾನಂತ. ಖಾಸೀಮಸಾಬ್ರ, ಹತ್ತಿಯೊಳಗ ಇನ್ನ ಮರಿ ಇಲ್ಲ, ನೀವು ಹಿಂಜಾಕ ಕೂಡ್ರಿ. ಈ ತಿಂಗಳ ಅಂದೇನಿ ಅಂದ್ರ ಈ ತಿಂಗಳ.” ಮಂದಾಳ ಕಡೆ ತಿರುಗಿದರು. “ಸೊಸಿ, ನೀನ ಹೋಗಿ ಹೇಳು ಅವಗ. ಓಡು.”

ಮಂದಾ ಓಡಿದಳು. ಕಾಲು ಎಳೆಯಲೂ ಇಲ್ಲ.

ಖಾಸೀಮಣ್ಣ ಬಿಲ್ಲಿಗೆ ಕೈ ಹಾಕಿದ. ನಾನು ಸೆರಗಿನ ತುದಿಯಿಂದ ಮುಖ ಒರೆಸಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ವಿರೂಪಾಕ್ಷಪ್ಪನವರ ಅಂಗೈಯಲ್ಲಿ ಮಂಜು ಮುಸುಕಿದ ನೀಲಿಯ ಕಣ್ಣೊಂದು ತೆರೆಯಿತು, ಅದರ ಸುತ್ತ ಒಮ್ಮೆಲೇ ಒಂದು ಮರಿ ಇತ್ತು: ಬೂದಿ ಬಣ್ಣ, ಎಡ ಕಿವಿಯ ತುದಿ ಮಾತ್ರ ಬಿಳಿ, ನಡುಗುವ ಕುತ್ತಿಗೆ. ಅದು ಅವರನ್ನು ನೋಡಿತು. ಹತ್ತಿಯ ಎಳೆ ಮೂಗಿಗೆ ಹೋಗಿ ಸೀನಿತು, ಸೀನುವಾಗ ಕಣ್ಣು ಮುಚ್ಚಿಕೊಂಡಿತು. ಅವರ ಅಂಗೈ ಮತ್ತೆ ಖಾಲಿಯಾಯಿತು. ಅವರು ಕೈ ಅಲುಗಿಸದೆ, ಬಾಯಿ ತೆರೆದುಕೊಂಡು, ಅದು ಮತ್ತೆ ನೋಡಲೆಂದು ಕಾಯುತ್ತ ಕೂತರು.